ಎರಡನೇ ರೌಟರ್ ಹಾಕಿದ ಮೇಲೆ ಮಹಡಿಯಲ್ಲಿ ನೆಟ್ ಬರುತ್ತಿಲ್ಲ, ಪ್ರಿಂಟರೂ ಕಾಣಿಸುತ್ತಿಲ್ಲ. ಏನು ಮಾಡಲಿ?

ಫೋನ್ ಲೈನಿನಿಂದ ನೆಟ್ ತರುವ ಡಿಎಸ್ಎಲ್ ಮೋಡೆಮ್, ಕಂಪ್ಯೂಟರ್, ಪ್ರಿಂಟರ್ ಮೂರೂ ಕೆಳಗಿನ ಹಾಲಿನಲ್ಲಿವೆ. ಮಹಡಿಯ ಕಂಪ್ಯೂಟರಿಗೆ ಅಂತ ವೈಫೈ ರೌಟರ್ ತಂದು, ಮೋಡೆಮ್‌ನಿಂದ ಅದರ ವ್ಯಾನ್ ಪೋರ್ಟಿಗೆ (ಹೊರಗಿನ ನೆಟ್ ಒಳಗೆ ಬರುವ ಪೋರ್ಟ್) ಕೇಬಲ್ ಎಳೆದಿದ್ದೀರಿ. ಸಿಗ್ನಲ್ ತುಂಬಾ ಇದೆ, ನೆಟ್ ಇಲ್ಲ. ಹೀಗೇ ಅಲ್ವಾ?

ಸಾಗರದ ನಮ್ಮ ಮನೆಯಲ್ಲೂ ಇದೇ ಆಗಿತ್ತು. ಎರಡು ಸಂಜೆ ಸುಮ್ನೆ ಕೇಬಲ್ ಬದಲಾಯಿಸುತ್ತಾ ಕೂತಿದ್ದೆ. ಕೇಬಲ್ಲಿನಲ್ಲಿ ಏನೂ ತೊಂದರೆ ಇರಲಿಲ್ಲ. ಮೋಡೆಮ್‌ನ ವಿಳಾಸ 192.168.1.1, ಹೊಸ ರೌಟರಿನದ್ದೂ 192.168.1.1! ಎರಡೂ ತಮ್ಮ ತಮ್ಮ ಕಡೆಯ ಕಂಪ್ಯೂಟರುಗಳಿಗೆ ಐಪಿ, ಅಂದರೆ ಇಂಥದೇ ವಿಳಾಸ, ಹಂಚುತ್ತಿದ್ದವು. ಒಂದೇ ಮನೆಯಲ್ಲಿ ಎರಡು ನೆಟ್‌ವರ್ಕ್ ಆಗಿತ್ತು. ಹಾಗಾದರೆ ಮೇಲಿನ ಕಂಪ್ಯೂಟರ್ ಕೆಳಗಿನ ಪ್ರಿಂಟರನ್ನು ಹುಡುಕುವುದಾದರೂ ಹೇಗೆ?

ಐಪಿ ಹಂಚುವ ಕೆಲಸ ಮೋಡೆಮ್ ಒಂದೇ ಮಾಡಲಿ. ಮೊದಲು ರೌಟರನ್ನು ಮೋಡೆಮ್‌ನಿಂದ ಬಿಡಿಸಿ, ನೇರ ಒಂದು ಕಂಪ್ಯೂಟರಿಗೆ ಜೋಡಿಸಿ. ಬ್ರೌಸರಿನಲ್ಲಿ ರೌಟರಿನ ವಿಳಾಸ ಹೊಡೆದು ಅದರ ಸೆಟ್ಟಿಂಗ್ ಪುಟ ತೆರೆದು ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಐಪಿಯನ್ನು 192.168.1.250 ಮಾಡಿ. ಮೋಡೆಮ್ ಹಂಚುವ ಐಪಿಗಳ ಸಾಲಿನಲ್ಲಿ ಈ 250 ಬರಬಾರದು, ಅದನ್ನೊಮ್ಮೆ ಮೋಡೆಮ್ ಪುಟದಲ್ಲಿ ನೋಡಿಕೊಳ್ಳಿ. ಆಮೇಲೆ ಹೊಸ ವಿಳಾಸದಲ್ಲಿ ರೌಟರಿನ ಪುಟವನ್ನು ಮತ್ತೆ ತೆರೆದು ಡಿಎಚ್‌ಸಿಪಿ (ಐಪಿ ಹಂಚುವ ವ್ಯವಸ್ಥೆ) ಆಫ್ ಮಾಡಿ. ಕೊನೆಗೆ ಮೋಡೆಮ್‌ನ ಲ್ಯಾನ್ ಪೋರ್ಟಿನಿಂದ ರೌಟರಿನ ಲ್ಯಾನ್ ಪೋರ್ಟಿಗೇ ಕೇಬಲ್ ಹಾಕಿ. ವ್ಯಾನ್ ಪೋರ್ಟ್ ಖಾಲಿ ಇರಲಿ. ಜಾಸ್ತಿ ಜನ ತಪ್ಪುವುದು ಇಲ್ಲೇ, ಏಕೆಂದರೆ ಆ ಪೋರ್ಟಿನ ಬಣ್ಣವೇ ಬೇರೆ ಇರುತ್ತದೆ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ.

ಈಗ ಮೇಲಿನ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ (ipconfig) ಅಂತ ಹೊಡೆದು ನೋಡಿ. ಐಪಿ 192.168.1 ಎಂದು ಶುರುವಾಗಿ, ಗೇಟ್‌ವೇ (ನೆಟ್‌ಗೆ ಹೋಗುವ ಬಾಗಿಲು, ಇಲ್ಲಿ ಮೋಡೆಮ್) 192.168.1.1 ಇದ್ದರೆ ಗೆದ್ದಿರಿ. 169.254 ಎಂದು ಶುರುವಾದರೆ ಅದಕ್ಕೆ ಮೋಡೆಮ್‌ನಿಂದ ಐಪಿ ಸಿಕ್ಕಿಲ್ಲ ಅಂತ ಅರ್ಥ. ಆಗ ಕೇಬಲ್ ಯಾವ ಪೋರ್ಟಿನಲ್ಲಿದೆ ಅಂತ ಇನ್ನೊಮ್ಮೆ ನೋಡಿ.

ಇನ್ನೊಂದು ಮಾತು. ಕೆಳಗಿನ ಕಂಪ್ಯೂಟರಿನಲ್ಲಿ ಯೂಸರ್ ನೇಮ್ ಕೊಟ್ಟು ಕನೆಕ್ಟ್ ಒತ್ತಿದ ಮೇಲೇ ನಿಮಗೆ ನೆಟ್ ಬರುವುದಾದರೆ, ಮೋಡೆಮ್ ಬ್ರಿಡ್ಜ್ ಮೋಡಿನಲ್ಲಿದೆ, ಅಂದರೆ ಲಾಗಿನ್ ಕೆಲಸವನ್ನು ಕಂಪ್ಯೂಟರಿಗೇ ಬಿಟ್ಟಿದೆ. ಅದನ್ನು ಪಿಪಿಪಿಓಇಗೆ (PPPoE, ಮೋಡೆಮ್ ತಾನೇ ಲಾಗಿನ್ ಆಗುವ ವಿಧಾನ) ಬದಲಾಯಿಸಿ, ಯೂಸರ್ ನೇಮ್, ಪಾಸ್‌ವರ್ಡ್ ಎರಡನ್ನೂ ಮೋಡೆಮ್ ಒಳಗೇ ಹಾಕಿ. ಅದೇ ಪುಟದಲ್ಲಿ ವಿಪಿಐ, ವಿಸಿಐ ಅಂತ ಲೈನಿನ ಎರಡು ನಂಬರ್ ಕೇಳಿದರೆ, ಬಿಎಸ್ಎನ್ಎಲ್ ಲೈನಿಗೆ ವಿಪಿಐ 0, ವಿಸಿಐ 35.

ಮಳೆಗಾಲಕ್ಕೆ ಮುಂಚೆ ಇದನ್ನೂ ಹೇಳಿಬಿಡುತ್ತೇನೆ. ಗುಡುಗು ಶುರುವಾದರೆ ಪವರ್ ಪ್ಲಗ್ ಕಿತ್ತರೆ ಸಾಲದು, ಸಿಡಿಲು ಫೋನ್ ತಂತಿಯಲ್ಲೂ ಬರುತ್ತದೆ. ಸ್ಪ್ಲಿಟರಿಗೆ (ಲೈನನ್ನು ಫೋನಿಗೂ ಮೋಡೆಮ್‌ಗೂ ಹಂಚುವ ಪುಟ್ಟ ಡಬ್ಬಿ) ಬರುವ ಲೈನನ್ನೂ ಬಿಡಿಸಿಡಿ. ನಮ್ಮ ಹಳೆಯ ಮೋಡೆಮ್ ಸುಟ್ಟಿದ್ದು ಹಾಗೇ, ಪವರ್ ಆಫ್ ಇದ್ದಾಗಲೇ.

ಇಷ್ಟಾದರೂ ಆಗದಿದ್ದರೆ ಮೋಡೆಮ್, ರೌಟರ್ ಎರಡರ ಮಾಡೆಲ್ ನಂಬರ್ ಬರೆಯಿರಿ, ಕೂತು ನೋಡೋಣ.