ಜ್ವರ ಇಳಿಯುತ್ತದೆ, ಕೆರೆ ಬತ್ತುತ್ತದೆ

ಅರಸೀಕೆರೆಯ ಓದುಗರೊಬ್ಬರು ಬರೆದ ಕಾಗದದ ಸಾರ ಇದು: “ನನ್ನ ಮಗಳು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಭಾಷೆಯ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ಗೈಡಿನಲ್ಲಿ ‘ಕಡಿಮೆಯಾಗು’ ಅನ್ನುವುದಕ್ಕೆ ಒಂದು ಪುಟದ ತುಂಬ ಇಂಗ್ಲಿಷ್ ಪದಗಳಿವೆ. ಡಿಕ್ರೀಸ್, ರೆಡ್ಯೂಸ್, ಡ್ವಿಂಡಲ್, ಸಬ್‌ಸೈಡ್, ವೇನ್, ಹೀಗೆ. ಎಲ್ಲವನ್ನೂ ಉರು ಹೊಡೆಯುತ್ತಿದ್ದಾಳೆ. ಇವೆಲ್ಲ ಒಂದೇ ಅಲ್ವಾ? ನಮ್ಮಲ್ಲಿ ‘ಕಡಿಮೆ ಆಯ್ತು’ ಅಂದರೆ ಮುಗಿಯಿತು. ಇದು ಕನ್ನಡದ ಬಡತನವೋ, ಇಂಗ್ಲಿಷಿನ ಅತಿಯೋ?”

ಪ್ರಿಯ ಓದುಗರೇ,

ಬಡತನದ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮನೆಯಲ್ಲಿ ದಿನಾ ಆಡುವ ಮಾತನ್ನು ನೆನಪು ಮಾಡಿಕೊಳ್ಳಿ. ಜ್ವರ ಇಳಿಯುತ್ತದೆ. ಕೆರೆ ಬತ್ತುತ್ತದೆ. ಚಪ್ಪಲಿ ಸವೆಯುತ್ತದೆ. ಸೀರೆಯ ಬಣ್ಣ ಮಾಸುತ್ತದೆ. ಮೇವಿಲ್ಲದ ದನ ಸೊರಗುತ್ತದೆ. ಕೂಡಿಟ್ಟ ದುಡ್ಡು ಕರಗುತ್ತದೆ. ಮಲೆನಾಡಿನ ಕಡೆ ಹೋದರೆ ಮಳೆ ಹೊಳವಾಗುತ್ತದೆ. ಇವೆಲ್ಲವೂ ಕಡಿಮೆ ಆಗುವುದೇ. ಆದರೆ ‘ಜ್ವರ ಬತ್ತಿತು’ ಅಂತ ನಿಮ್ಮ ಮಗಳು ಯಾವತ್ತೂ ಹೇಳಿರಲಿಕ್ಕಿಲ್ಲ. ‘ಚಪ್ಪಲಿ ಸೊರಗಿತು’ ಅಂದರೆ ಮನೆಮಂದಿಯೆಲ್ಲ ನಗುತ್ತಾರೆ. ಯಾವುದಕ್ಕೆ ಯಾವ ಕ್ರಿಯಾಪದ ಅನ್ನುವುದನ್ನು ಅವಳಿಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಕೇಳಿ ಕೇಳಿ ಬಂತು.

ಇಂಗ್ಲಿಷಿನಲ್ಲೂ ಹಾಗೇ. ಗೈಡು ಈ ಪದಗಳನ್ನು ಅವುಗಳ ಜೊತೆಗಾರರಿಂದ ಬಿಡಿಸಿ, ಒಂದೇ ಸಾಲಿನಲ್ಲಿ ನಿಲ್ಲಿಸಿಬಿಟ್ಟಿದೆ. ತೊಂದರೆ ಇರುವುದು ಅಲ್ಲೇ. ವೇನ್ ಅನ್ನುವುದು ಚಂದ್ರನ ಪದ. ಹುಣ್ಣಿಮೆ ಕಳೆದ ಮೇಲೆ ಚಂದ್ರ ದಿನದಿನಕ್ಕೆ ಸಣ್ಣಗಾಗುತ್ತಾನಲ್ಲ, ಅದು. ಅಧಿಕಾರ, ಆಸಕ್ತಿ, ಜನಪ್ರಿಯತೆಗಳಿಗೂ ಅದನ್ನು ಹಚ್ಚುತ್ತಾರೆ. ತರಕಾರಿ ಬೆಲೆಗೆ ಯಾರೂ ಅದನ್ನು ಹಚ್ಚುವುದಿಲ್ಲ. ಎಬ್ ಸಮುದ್ರದ ಇಳಿತಕ್ಕೆ ಸೇರಿದ್ದು. ಸಬ್‌ಸೈಡ್ ಅಂದರೆ ಲ್ಯಾಟಿನ್ ಮೂಲದಲ್ಲಿ ಕೆಳಗೆ ಕೂರುವುದು. ಊತ, ಪ್ರವಾಹ, ಗದ್ದಲ, ಸಿಟ್ಟು, ಇಂಥ ಎದ್ದು ನಿಂತದ್ದು ಇಳಿಯುವಾಗ ಆ ಪದ ಬರುತ್ತದೆ. ನೆಲ ಕುಸಿದು ಕೂತರೂ ಅದೇ.

ಟೇಪರ್ ನನಗೆ ತುಂಬ ಇಷ್ಟವಾದ ಪದ. ಅದು ಮೊದಲು ತೆಳ್ಳಗಿನ ಮೇಣದಬತ್ತಿಯ ಹೆಸರು. ಬುಡದಲ್ಲಿ ದಪ್ಪ, ತುದಿಗೆ ಹೋಗ್ತಾ ಹೋಗ್ತಾ ಸಣ್ಣ. ಇವತ್ತು ಅದನ್ನು ಡಾಕ್ಟರ ಬಾಯಲ್ಲಿ ಕೇಳಬಹುದು. ಸ್ಟೆರಾಯ್ಡ್ ಮಾತ್ರೆಯನ್ನು ಬಹಳ ದಿನ ತೆಗೆದುಕೊಂಡವರು ಥಟ್ಟನೆ ನಿಲ್ಲಿಸುವಂತಿಲ್ಲ. ಡೋಸನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಬೇಕು. ಅದೇ ಟೇಪರ್. ಪ್ಲಮೆಟ್ ಇದಕ್ಕೆ ಪೂರ್ತಿ ಉಲ್ಟಾ. ಗೋಡೆ ನೆಟ್ಟಗಿದೆಯೇ ಅಂತ ನೋಡಲು ಗಾರೆ ಕೆಲಸದವರು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡು ಇದೆಯಲ್ಲ, ಅದರ ಹೆಸರು ಪ್ಲಮೆಟ್. ಸೀದಾ ಕೆಳಗೆ ಬೀಳುವುದು ಅದರ ಕೆಲಸ. ಹಾಗಾಗಿ ಗ್ರಾಫಿನ ಗೆರೆ ಒಂದೇ ಸಲಕ್ಕೆ ನೆಲ ಕಚ್ಚಿದಾಗ ಮಾತ್ರ ಈ ಪದಕ್ಕೆ ಜಾಗ. ಹತ್ತು ವರ್ಷ ನಿಧಾನಕ್ಕೆ ಇಳಿದ ಗೆರೆಗೆ ಇದನ್ನು ಬರೆದರೆ ತಪ್ಪಾಗುತ್ತದೆ.

ಇನ್ನು ರೆಡ್ಯೂಸ್. ನಮ್ಮವರು ಅತಿ ಹೆಚ್ಚು ಬಳಸುವ, ಅತಿ ಹೆಚ್ಚು ಎಡವುವ ಪದ ಇದೇ. ಆಸ್ಪತ್ರೆಯಲ್ಲಿ ಕೇಳಿ ನೋಡಿ: ‘ಪೇನ್ ರೆಡ್ಯೂಸ್ ಆಯ್ತಾ?’, ‘ಸ್ವಲ್ಪ ರೆಡ್ಯೂಸ್ ಆಗಿದೆ ಡಾಕ್ಟ್ರೇ.’ ಕನ್ನಡದ ಮಾತಾಗಿ ಇದರಲ್ಲಿ ಏನೂ ತಪ್ಪಿಲ್ಲ. ತಾನಾಗಿ ಇಳಿದರೆ ‘ರೆಡ್ಯೂಸ್ ಆಯ್ತು’, ಯಾರೋ ಇಳಿಸಿದರೆ ‘ರೆಡ್ಯೂಸ್ ಮಾಡಿದರು’. ಆಗು, ಮಾಡು ಹಚ್ಚಿ ನಾವು ಆ ಇಂಗ್ಲಿಷ್ ಪದಕ್ಕೂ ನಮ್ಮ ವ್ಯಾಕರಣ ಕಲಿಸಿದ್ದೇವೆ. ಇಳಿ, ಇಳಿಸು. ತಗ್ಗು, ತಗ್ಗಿಸು. ಕರಗು, ಕರಗಿಸು. ಇದು ನಮಗೆ ರಕ್ತಗತ. ಆದರೆ ಇದೇ ಮಾತನ್ನು ಪೂರಾ ಇಂಗ್ಲಿಷಿಗೆ ತಿರುಗಿಸಿ ‘ಪೇನ್ ಹ್ಯಾಸ್ ರೆಡ್ಯೂಸ್ಡ್’ ಅಂದಾಗ ಹೊರದೇಶದ ಕಿವಿಗೆ ಅರೆಬರೆ ಅನಿಸುತ್ತದೆ. ಅಲ್ಲಿ ರೆಡ್ಯೂಸ್ ಸಾಮಾನ್ಯವಾಗಿ ಒಬ್ಬ ಕರ್ತೃವನ್ನು ಬೇಡುತ್ತದೆ. ಔಷಧಿ ನೋವನ್ನು ರೆಡ್ಯೂಸ್ ಮಾಡುತ್ತದೆ, ನೋವು ಈಸ್ ಆಗುತ್ತದೆ. ಜ್ವರ ಕಮ್ಸ್ ಡೌನ್. ತೂಕ ಇಳಿಸಿಕೊಂಡವರು ಲಾಸ್ಟ್ ವೆಯ್ಟ್ ಅನ್ನುತ್ತಾರೆ. ಇದಕ್ಕೆ ವಿರುದ್ಧವಾಗಿ ಡ್ವಿಂಡಲ್, ವೇನ್, ಎಬ್, ಸಬ್‌ಸೈಡ್ ಇವು ಯಾವಾಗಲೂ ತಾವಾಗಿಯೇ ಆಗುವಂಥವು. ಖರ್ಚನ್ನು ಯಾರೂ ಡ್ವಿಂಡಲ್ ಮಾಡಲಾರರು.

ಈ ಭೇದ ವ್ಯಾಕರಣಕ್ಕೇ ಮುಗಿಯುವುದಿಲ್ಲ. ಪತ್ರಿಕೆಯಲ್ಲಿ ಕೂತ ನನಗೆ ಅದು ದಿನಾ ಎದುರಾಗುತ್ತದೆ. ‘ಬೆಂಗಳೂರಿನಲ್ಲಿ ಕೆರೆಗಳು ಕಡಿಮೆಯಾದವು’ ಅಂತ ವರದಿ ಬರುತ್ತದೆ. ತಾವಾಗಿ ಕಡಿಮೆಯಾದವಾ? ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. ಮುಚ್ಚಿದ್ದನ್ನು ಮುಚ್ಚಿದರು ಅಂತಲೇ ಬರೆಯಬೇಕು.

ಇಂಗ್ಲಿಷಿನಲ್ಲಿ ಇಂಥ ಮರೆಮಾಚುವ ಪದಗಳು ಇತ್ತೀಚೆಗೆ ಜಾಸ್ತಿಯಾಗಿವೆ. ಡೌನ್‌ಸೈಜ್ 1970ರ ದಶಕದಲ್ಲಿ ಅಮೆರಿಕದ ಕಾರು ಕಂಪನಿಗಳು ಚಿಕ್ಕ ಕಾರು ಮಾಡುವಾಗ ಬಳಸಿದ ಪದ. 1980ರ ದಶಕದಲ್ಲಿ ಅದು ಕಾರಿನಿಂದ ಕೆಲಸಗಾರರ ಮೇಲೆ ಬಂತು. ನಾವು ‘ಉದ್ಯೋಗ ಕಡಿತ’ ಅನ್ನುತ್ತೇವೆ. ಅದರೊಳಗೆ ಕಡಿಯುವ ಕೆಲಸ ಕಾಣುತ್ತದೆ, ಅದಕ್ಕೇ ನನಗೆ ಅದರ ಮೇಲೆ ಗೌರವ. ಶ್ರಿಂಕ್‌ಫ್ಲೇಶನ್ ಇನ್ನೊಂದು. ಬೆಲೆ ಅಷ್ಟೇ ಇಟ್ಟು ವಸ್ತುವನ್ನು ಕಿರಿದು ಮಾಡುವುದಕ್ಕೆ ಆ ಹೆಸರು. 2016ರಲ್ಲಿ ಬ್ರಿಟನ್ನಿನಲ್ಲಿ ಟೋಬ್ಲೆರೋನ್ ಚಾಕೊಲೇಟಿನ ತ್ರಿಕೋನಗಳ ನಡುವಿನ ಸಂದನ್ನು ಅಗಲ ಮಾಡಿದರು. 400 ಗ್ರಾಂ ಇದ್ದದ್ದು 360 ಆಯಿತು, 170 ಇದ್ದದ್ದು 150 ಆಯಿತು. ಶ್ರಿಂಕ್ ಹತ್ತಿ ಬಟ್ಟೆಯ ಪದ. ಒಗೆದ ಮೇಲೆ ಬಟ್ಟೆ ತಾನಾಗಿ ಕುಗ್ಗುತ್ತದೆ. ಚಾಕೊಲೇಟ್ ತಾನಾಗಿ ಕುಗ್ಗಲಿಲ್ಲ.

ನಿಮ್ಮ ಮಗಳ ಪರೀಕ್ಷೆಗೆ ಬರುತ್ತೇನೆ. ಗ್ರಾಫ್ ನೋಡಿ 20 ನಿಮಿಷದಲ್ಲಿ ಕನಿಷ್ಠ 150 ಪದ ಬರೆಯುವ ಭಾಗಕ್ಕೆ ಆ ಇಡೀ ಪುಟ ಬೇಡವೇ ಬೇಡ. ಫಾಲ್, ಡ್ರಾಪ್, ಡಿಕ್ಲೈನ್, ಡಿಕ್ರೀಸ್ ಈ ನಾಲ್ಕು ಸಾಕು. ಇಳಿದದ್ದು ನಿಧಾನಕ್ಕಾ, ಜೋರಾಗಿಯಾ, ಒಂದೇ ಸಮನೆಯಾ ಅನ್ನುವುದಕ್ಕೆ ಗ್ರ್ಯಾಜುಯಲಿ, ಶಾರ್ಪ್ಲಿ, ಸ್ಟೆಡಿಲಿ ಇವೆ. ಅವಳು ನಿಜವಾಗಿ ಎಚ್ಚರ ವಹಿಸಬೇಕಾದದ್ದು ಬೈ ಮತ್ತು ಟು ಎಂಬ ಪುಟ್ಟ ಪದಗಳಲ್ಲಿ. 80 ಇದ್ದದ್ದು 20ರಷ್ಟು ಇಳಿದರೆ ಬೈ, 60 ಉಳಿಯಿತು. 20ಕ್ಕೆ ಇಳಿದರೆ ಟು, ಉಳಿದದ್ದು 20 ಮಾತ್ರ. ಕನ್ನಡದ ‘ಅಷ್ಟು’, ‘ಕ್ಕೆ’ ನೆನಪಿಟ್ಟುಕೊಂಡರೆ ಇದು ತಪ್ಪುವುದೇ ಇಲ್ಲ.

ಶೇಕಡಾ ಲೆಕ್ಕ ಬಂದರೆ ಇನ್ನೂ ಹುಷಾರು. 2025ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ 6.50ರಿಂದ ಶೇ 6.25ಕ್ಕೆ ಇಳಿಸಿತು. ಇದನ್ನು 25 ಬೇಸಿಸ್ ಪಾಯಿಂಟ್ ಇಳಿಕೆ ಅನ್ನಬೇಕು. ಶೇಕಡಾ ಒಂದರ ನೂರನೇ ಒಂದು ಪಾಲು ಒಂದು ಬೇಸಿಸ್ ಪಾಯಿಂಟ್. ಶೇ 25ರಷ್ಟು ಇಳಿಕೆ ಅಂದರೆ ದರ ಐದಕ್ಕಿಂತ ಕೆಳಗೆ ಹೋಯಿತು ಅಂತ ಅರ್ಥ. ಹಣದುಬ್ಬರದ ಸುದ್ದಿಯಲ್ಲೂ ಜನ ಹೀಗೇ ಗೊಂದಲಕ್ಕೆ ಬೀಳುತ್ತಾರೆ. ‘ಹಣದುಬ್ಬರ ಇಳಿಕೆ’ ಅಂತ ತಲೆಬರಹ ನೋಡಿ ‘ಬೆಲೆ ಎಲ್ರೀ ಇಳಿದಿದೆ?’ ಅಂತ ಕೇಳುತ್ತಾರೆ. ಕೇಳುವುದು ನ್ಯಾಯವೇ. ಹಣದುಬ್ಬರ ಶೇ 6ರಿಂದ 4ಕ್ಕೆ ಇಳಿದರೆ, ವರ್ಷದಲ್ಲಿ 106 ಆಗಬೇಕಿದ್ದ 100 ರೂಪಾಯಿಯ ಸಾಮಾನು 104 ಆಗುತ್ತದೆ. ಬೆಲೆ ಏರುತ್ತಲೇ ಇದೆ, ಏರುವ ವೇಗ ಮಾತ್ರ ತಗ್ಗಿದೆ. ನಿಜವಾಗಿ ಬೆಲೆಗಳೇ ಇಳಿದರೆ ಅದು ಡಿಫ್ಲೇಶನ್.

ಕೊನೆಗೆ ಫ್ಯೂಯರ್ ಮತ್ತು ಲೆಸ್. ಇವುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಪರೀಕ್ಷೆಯಲ್ಲಿ ಬಂದೇ ಬರುತ್ತವೆ. ಎಣಿಸುವುದಕ್ಕೆ ಫ್ಯೂಯರ್, ಅಳೆಯುವುದಕ್ಕೆ ಲೆಸ್ ಅನ್ನುವ ನಿಯಮ ಬಹಳ ಹಳೆಯದೇನಲ್ಲ. 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ತನಗೆ ಹಾಗೆ ಚೆನ್ನ ಅನಿಸುತ್ತದೆ ಅಂತ ಬರೆದ. ಆಮೇಲೆ ಅದು ನಿಯಮವೇ ಆಗಿಹೋಯಿತು. 2008ರಲ್ಲಿ ಬ್ರಿಟನ್ನಿನ ಟೆಸ್ಕೊ ಅಂಗಡಿಯವರು ಬಿಲ್ ಕೌಂಟರಿನ ‘ಟೆನ್ ಐಟಮ್ಸ್ ಆರ್ ಲೆಸ್’ ಫಲಕದಲ್ಲಿ ಲೆಸ್ ಸರಿಯೋ ಫ್ಯೂಯರ್ ಸರಿಯೋ ಅನ್ನುವ ಜಗಳ ತಪ್ಪಿಸಲು ‘ಅಪ್ ಟು ಟೆನ್ ಐಟಮ್ಸ್’ ಅಂತ ಬದಲಾಯಿಸಿದರು. ನಿಮ್ಮ ಮಗಳು ಸುಮ್ನೆ ನಿಯಮ ಪಾಲಿಸಲಿ. ಜನ, ಮನೆ, ವಾಹನಗಳಿಗೆ ಫ್ಯೂಯರ್. ನೀರು, ವಿದ್ಯುತ್ತಿಗೆ ಲೆಸ್. ದುಡ್ಡು, ದೂರ, ಸಮಯದ ಮೊತ್ತ ಹೇಳುವಾಗ, ಮುಂದೆ ಅಂಕಿ ಇದ್ದರೂ ಲೆಸ್ಸೇ ಸರಿ.