ಓದುಗರ ಪ್ರಶ್ನೆ: ಮನೆಯ ಡೇಕೇರ್‌ಗೆ ದಿನಚರಿ ಹೇಗಿರಬೇಕು?

ಪ್ರಶ್ನೆ: ಉದ್ಯೋಗ ಬಿಟ್ಟು ಮನೆಯಲ್ಲೇ ಡೇಕೇರ್ ಆರಂಭಿಸಿ ಮೂರು ವಾರಗಳಾದವು. ನನ್ನ ಎರಡೂವರೆ ವರ್ಷದ ಮಗಳನ್ನೂ ಸೇರಿಸಿ ನಾಲ್ಕು ಮಕ್ಕಳಿದ್ದಾರೆ. ಉಳಿದ ಮೂವರಿಗೆ 14 ತಿಂಗಳು, ಒಂದೂವರೆ ವರ್ಷ ಮತ್ತು ಎರಡು ವರ್ಷ. ಅರ್ಧ ಗಂಟೆಗೊಂದು ಚಟುವಟಿಕೆಯಂತೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೇನೆ, ಆದರೆ ಒಂದು ದಿನವೂ ಬೆಳಿಗ್ಗೆ ಹತ್ತರ ನಂತರ ಅದರಂತೆ ನಡೆದಿಲ್ಲ. ಒಬ್ಬನಿಗೆ ನಿದ್ದೆ ಬಂದಾಗ ಇನ್ನೊಬ್ಬಳಿಗೆ ಹಸಿವು. ನಾನು ಅಡುಗೆಗೆ ನಿಂತರೆ ಎಲ್ಲರೂ ಕಾಲಿಗೆ ಸುತ್ತಿಕೊಂಡು ಅಳುತ್ತಾರೆ. ಸಂಜೆ ಪೋಷಕರು ‘ಇವತ್ತು ಏನು ಕಲಿಸಿದಿರಿ’ ಎಂದು ಕೇಳಿದರೆ ಉತ್ತರವೇ ತೋಚುವುದಿಲ್ಲ. ದಾರಿ ತೋರಿಸಿ.

ಉತ್ತರ: ಮೊದಲು ಆ ವೇಳಾಪಟ್ಟಿಯನ್ನು ಗೋಡೆಯಿಂದ ತೆಗೆಯಿರಿ. ಗಂಟೆ ಬಾರಿಸಿದಂತೆ ಪಾಠ ಬದಲಾಗುವ ಕ್ರಮ ಶಾಲೆಗೆ ಹೋಗುವ ಮಕ್ಕಳಿಗೆ ಸರಿ, ಈ ವಯಸ್ಸಿನವರಿಗಲ್ಲ. ಹತ್ತೂವರೆ ಗಂಟೆ ಎಂದರೇನೆಂದು ಎರಡು ವರ್ಷದ ಮಗುವಿಗೆ ತಿಳಿಯದು. ಆದರೆ ಆಟಿಕೆಗಳನ್ನು ಬುಟ್ಟಿಗೆ ತುಂಬಿದ ಮೇಲೆ ಕೈ ತೊಳೆಯುವುದು, ಕೈ ತೊಳೆದ ಮೇಲೆ ಊಟ, ಊಟವಾದ ಮೇಲೆ ಹಾಸಿಗೆ ಎಂಬ ಸರಣಿ ದಿನವೂ ಹಾಗೆಯೇ ನಡೆದರೆ ಅದರ ಮನಸ್ಸಿನಲ್ಲಿ ಬಲುಬೇಗ ಕೂರುತ್ತದೆ, ಮುಂದೇನೆಂದು ಗೊತ್ತಿರುವ ಮಗುವಿನ ಹಟವೂ ತಗ್ಗುತ್ತದೆ. ಸಮಯ ಅರ್ಧ ಗಂಟೆ ಹಿಂದೆಮುಂದಾದರೂ ಚಿಂತೆಯಿಲ್ಲ, ಕ್ರಮ ಮಾತ್ರ ತಪ್ಪಬಾರದು.

ಇಡೀ ದಿನದಲ್ಲಿ ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದದ್ದು ಮಧ್ಯಾಹ್ನದ ಊಟ ಮತ್ತು ಅದರ ಬೆನ್ನಿಗೇ ಬರುವ ನಿದ್ದೆ, ಇವೆರಡನ್ನೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ 1ರಿಂದ 2 ವರ್ಷದ ಮಕ್ಕಳಿಗೆ ಹಗಲುನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಇದರಲ್ಲಿ ಬಹುಪಾಲು ಅವರವರ ಮನೆಯಲ್ಲಿ ಆಗುವುದರಿಂದ, ಬೆಳಿಗ್ಗೆ ಮಗುವನ್ನು ಕೈಗೆ ತೆಗೆದುಕೊಳ್ಳುವಾಗಲೇ ‘ರಾತ್ರಿ ಹೇಗೆ ಮಲಗಿತು, ಎಷ್ಟು ಹೊತ್ತಿಗೆ ಎದ್ದಿತು, ಏನು ತಿಂದಿತು’ ಎಂದು ತಪ್ಪದೆ ಕೇಳಿ. ಆ ಮೂರು ಉತ್ತರಗಳಲ್ಲಿ ನಿಮ್ಮ ಅಂದಿನ ದಿನದ ಅರ್ಧ ಸುಳಿವು ಸಿಕ್ಕಿರುತ್ತದೆ. ಐದಕ್ಕೇ ಎದ್ದ ಮಗು ಹನ್ನೊಂದರ ಹೊತ್ತಿಗೆ ಕಣ್ಣು ಉಜ್ಜುತ್ತಾ ಕಂಡದ್ದಕ್ಕೆಲ್ಲ ರೇಗಿದರೆ ಅದು ತುಂಟತನವಲ್ಲ, ಆಯಾಸ. ಅಂಥ ದಿನ ಎಲ್ಲರ ಊಟವನ್ನೂ ಕೊಂಚ ಮುಂಚಿತವಾಗಿಯೇ ಮುಗಿಸಿ.

ನಿಮ್ಮ 14 ತಿಂಗಳ ಮಗು ಇನ್ನೂ ಹಗಲಲ್ಲಿ ಎರಡು ಸಲ ಮಲಗುತ್ತಿರಬಹುದು. ಬಹುತೇಕ ಮಕ್ಕಳಲ್ಲಿ 12ರಿಂದ 18 ತಿಂಗಳ ನಡುವೆ ಅದು ತಾನಾಗಿಯೇ ಒಂದಕ್ಕೆ ಇಳಿಯುತ್ತದೆ. ಉಳಿದವರ ಜೊತೆಗೇ ಮಲಗಲೆಂದು ಬಲವಂತವಾಗಿ ಎಚ್ಚರವಾಗಿಡಬೇಡಿ. ಬೆಳಗಿನ ಆ ನಿದ್ದೆಯ ಸಮಯವನ್ನು ದೊಡ್ಡವರಿಬ್ಬರ ಬಣ್ಣದ ಕೆಲಸಕ್ಕೆ, ಸಣ್ಣ ಮಗು ಬಾಯಿಗೆ ಹಾಕಿಕೊಳ್ಳಬಹುದಾದ ಆಟಿಕೆಗಳಿಗೆ ಬಳಸಿಕೊಳ್ಳಿ.

ನನ್ನ ಅನುಭವದಲ್ಲಿ ದಿನ ಕೆಡುವುದು ಚಟುವಟಿಕೆಯ ನಡುವೆ ಅಲ್ಲ, ಒಂದರಿಂದ ಇನ್ನೊಂದಕ್ಕೆ ದಾಟುವಾಗ. ನಾನೂ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಆರಂಭಿಸಿದ ಹೊಸತರಲ್ಲಿ ಊಟಕ್ಕೆ ಮುಂಚಿನ ಹತ್ತು ನಿಮಿಷ ದಿನವೂ ರಂಪವಾಗುತ್ತಿತ್ತು. ಒಬ್ಬನ ಕೈ ತೊಳೆಸುವಷ್ಟರಲ್ಲಿ ಹಿಂದೆ ನಿಂತವನು ಮುಂದಿನವಳ ಕೂದಲು ಎಳೆಯುತ್ತಿದ್ದ, ತೊಳೆದು ಕೂತವಳು ತಟ್ಟೆ ಬಾರದಿರುವುದಕ್ಕೆ ಮೇಜು ಬಡಿಯುತ್ತಿದ್ದಳು. ಈ ವಯಸ್ಸಿನವರಿಗೆ ಸುಮ್ಮನೆ ಕಾಯುವುದು ಸಾಧ್ಯವಿಲ್ಲ ಎಂಬುದನ್ನು ಒಪ್ಪಿಕೊಂಡ ಮೇಲೆ ನಾನು ಊಟವನ್ನು ಮೊದಲೇ ಬಡಿಸಿ ಆರಲು ಇಟ್ಟು, ಆಮೇಲೆ ಆಟಿಕೆ ಎತ್ತಿಡುವ ಹಾಡು ಶುರುಮಾಡಲಾರಂಭಿಸಿದೆ. ಹಾಡು ದಿನವೂ ಅದೇ. ಒಂದು ಮಗುವಿಗೆ ಚಮಚಗಳನ್ನು ಮೇಜಿನ ಮೇಲೆ ಇಡುವ ಕೆಲಸ, ಇನ್ನೊಂದಕ್ಕೆ ಬಾಗಿಲ ಬಳಿಯ ಬುಟ್ಟಿಯಿಂದ ಕೈವಸ್ತ್ರ ತರುವ ಕೆಲಸ, ಅಷ್ಟರಲ್ಲಿ ಮೂರನೆಯದರ ಕೈಗೆ ಸೋಪು. ಇಪ್ಪತ್ತು ಸೆಕೆಂಡು ಕೈ ಉಜ್ಜುವುದಕ್ಕೂ ಆ ಹಾಡಿನದೇ ಒಂದು ಚರಣ ಅಳತೆಯಾಯಿತು. ಎರಡು ವಾರ ಕಳೆದ ಮೇಲೆ, ನಾನು ಹಾಡು ಎತ್ತುವ ಮೊದಲೇ, ಮಾತೇ ಸರಿಯಾಗಿ ಬಾರದ ಒಂದು ಮಗು ಚಮಚದ ಡಬ್ಬಿಯ ಕಡೆ ಕೈ ತೋರಿಸಿತು. ಅಂದು ನನಗಾದ ಸಮಾಧಾನ ಇಂದಿಗೂ ನೆನಪಿದೆ.

ಮಕ್ಕಳು ಎಚ್ಚರವಿರುವಾಗ ಒಲೆಯ ಮುಂದೆ ನಿಲ್ಲುವ ಪರಿಪಾಠವನ್ನು ಇಂದೇ ಬಿಡಿ. ಹೆಚ್ಚುವುದು, ಬೇಯಿಸುವುದು ಎಲ್ಲವೂ ಹಿಂದಿನ ರಾತ್ರಿ ಅಥವಾ ಮಕ್ಕಳು ಬರುವ ಮೊದಲೇ ಮುಗಿದು, ಮಧ್ಯಾಹ್ನ ಬಿಸಿ ಮಾಡುವುದಷ್ಟೇ ಉಳಿಯಬೇಕು. ಡಯಾಪರ್ ನೋಡುವುದನ್ನೂ ಇದೇ ಸರಣಿಗೆ ಕಟ್ಟಿಹಾಕಿ: ಬಂದ ಕೂಡಲೇ, ಊಟಕ್ಕೆ ಮುಂಚೆ, ನಿದ್ದೆಯ ಹಿಂದೆಮುಂದೆ, ಮನೆಗೆ ಹೊರಡುವ ಮುನ್ನ, ನಡುವೆ ಕೊಳೆಯಾದರೆ ಆಗಲೇ. ಡಯಾಪರ್ ಬದಲಿಸುವ ಜಾಗವನ್ನು ನೆಲದ ಮೇಲೇ ಮಾಡಿಕೊಂಡರೆ ಬೀಳುವ ಭಯವಿಲ್ಲ, ಉಳಿದ ಮಕ್ಕಳೂ ಕಣ್ಣಿಗೆ ಬೀಳುತ್ತಿರುತ್ತಾರೆ. ಬಚ್ಚಲಿನ ಬಕೆಟ್‌ಗಳು ಸದಾ ಖಾಲಿ ಇರಲಿ. ಪುಟ್ಟ ಮಗು ಮುಗ್ಗರಿಸಿ ತಲೆಕೆಳಗಾದರೆ ಕೆಲವೇ ಸೆಂಟಿಮೀಟರ್ ನೀರೂ ಪ್ರಾಣಾಪಾಯ ತರುತ್ತದೆ.

ಉಳಿದ ಹೊತ್ತನ್ನೆಲ್ಲ ಆಟಕ್ಕೆ ಬಿಡಿ. ಅದೇ ಮಾರ್ಗಸೂಚಿಯು ಈ ವಯಸ್ಸಿನವರಿಗೆ ದಿನದಲ್ಲಿ ಒಟ್ಟು 180 ನಿಮಿಷಗಳ ಓಡಾಟ ಬೇಕೆನ್ನುತ್ತದೆ. ಒಂದು ವರ್ಷದವರಿಗೆ ಟಿವಿ, ಮೊಬೈಲ್ ಬೇಡವೇ ಬೇಡ, ಎರಡು ವರ್ಷದವರಿಗೆ ಒಂದು ಗಂಟೆ ಮೀರಬಾರದು ಎನ್ನುತ್ತದೆ. ಅಳು ನಿಲ್ಲಿಸಲು ಮೊಬೈಲ್ ಕೊಡುವ ಆಸೆ ನಿಮಗೂ ಬರುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಪೋಷಕರ ಪ್ರಶ್ನೆಗೆ ಪ್ರತಿ ಮಗುವಿನ ಹೆಸರಿನಲ್ಲೊಂದು ನೋಟ್‌ಬುಕ್ ಇಡಿ. ತಿಂದದ್ದು, ಮಲಗಿದ್ದು, ಡಯಾಪರ್ ಬದಲಿಸಿದ್ದು, ಇವುಗಳ ಕೊನೆಗೆ ನೀವು ಕಣ್ಣಾರೆ ಕಂಡ ಒಂದು ಸಂಗತಿ: ‘ಡಬ್ಬಿಯ ಮುಚ್ಚಳವನ್ನು ಹನ್ನೊಂದು ಸಲ ತೆಗೆದು ಹಾಕಿದ, ಸಹಾಯ ಬೇಡವೆಂದು ನನ್ನ ಕೈ ತಳ್ಳಿದ.’ ಇದನ್ನು ಓದಿದ ತಾಯಿ ಅಕ್ಷರಮಾಲೆಯ ವಿಚಾರ ಕೇಳಲಾರಳು. ಇದೆಲ್ಲ ಬರೆಯಲು ಮಕ್ಕಳು ಮಲಗಿದ ಹೊತ್ತು ಸಾಕು, ಆದರೆ ಅವರು ಕಾಣುವ ಜಾಗದಲ್ಲೇ ಕೂತು ಬರೆಯಿರಿ, ಆಗಾಗ ಎದ್ದು ಹೋಗಿ ಉಸಿರಾಟ ನೋಡಿ, ಮತ್ತು ನೀವು ಊಟ ಮಾಡುವುದನ್ನು ಮರೆಯಬೇಡಿ. ಹೊಸ ಮಗುವನ್ನು ಸೇರಿಸಿಕೊಳ್ಳುವುದಾದರೆ, ಈ ನಾಲ್ವರು ಹೊಂದಿಕೊಂಡ ಮೇಲೆ, ಒಬ್ಬರ ಲೆಕ್ಕದಲ್ಲಿ. ಎಷ್ಟು ಮಕ್ಕಳಿರಬಹುದು ಎಂಬ ನಿಯಮವನ್ನು ಸ್ಥಳೀಯ ಆಡಳಿತದಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಪ್ರಶ್ನೆ: ಡೇಕೇರ್ ಶುರುವಾದಾಗಿನಿಂದ ನನ್ನ ಸ್ವಂತ ಮಗನೇ ಬೇರೆ ಮಕ್ಕಳನ್ನು ಹೊಡೆಯುತ್ತಾನೆ. ಏನು ಮಾಡಲಿ?

ಉತ್ತರ: ಅವನ ಮನೆ, ಅವನ ಆಟಿಕೆ, ಅವನ ಅಮ್ಮನ ಮಡಿಲು ಒಂದೇ ದಿನದಲ್ಲಿ ಎಲ್ಲರದಾಗಿಬಿಟ್ಟಿವೆ. ಅವನಿಗೆ ಪ್ರಿಯವಾದ ಕೆಲವು ಆಟಿಕೆಗಳನ್ನು ಬೇರೆಯವರು ಮುಟ್ಟದ ಕಪಾಟಿನಲ್ಲಿಡಿ. ಬೆಳಿಗ್ಗೆ ಮೊದಲ ಮಗು ಬರುವ ಮುಂಚೆ ಕಾಲು ಗಂಟೆ, ಸಂಜೆ ಕೊನೆಯ ಮಗು ಹೋದ ಮೇಲೆ ಕಾಲು ಗಂಟೆ, ಪಾತ್ರೆ ಬಿದ್ದಿದ್ದರೂ ಬಿಟ್ಟು, ಅವನೊಬ್ಬನ ಜೊತೆಗೆ ಕೂತುಕೊಳ್ಳಿ. ಹೊಡೆದಾಗ ಕೈ ಹಿಡಿದು ತಡೆದು, ‘ಹೊಡೆಯಲು ಬಿಡುವುದಿಲ್ಲ’ ಎಂದಷ್ಟೇ ಹೇಳಿ. ‘ನೀನು ದೊಡ್ಡವನಲ್ಲವೇ’ ಎನ್ನಬೇಡಿ, ಅವನಿನ್ನೂ ಚಿಕ್ಕವನೇ.

ಪ್ರಶ್ನೆ: ಬಿಟ್ಟು ಹೋಗುವಾಗ ಮಗು ಅಳುತ್ತದೆಂದು ತಾಯಿ ಹೇಳದೆ ಜಾರಿಕೊಳ್ಳುತ್ತಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. ತಿರುಗಿ ನೋಡಿದಾಗ ಅಮ್ಮ ಇಲ್ಲದಿದ್ದರೆ ಮಗು ಮರುದಿನ ಅವರ ಸೆರಗನ್ನೇ ಬಿಡುವುದಿಲ್ಲ. ಅಪ್ಪಿಕೊಂಡು, ‘ನಿದ್ದೆ ಮಾಡಿ ಎದ್ದ ಮೇಲೆ ಬರುತ್ತೇನೆ’ ಎಂದು ಹೇಳಿ, ಒಂದೇ ಸಲ ಕೈಬೀಸಿ ಹೋಗುವಂತೆ ಅವರಿಗೆ ತಿಳಿಸಿ. ನೀವು ಮಗುವನ್ನು ಎತ್ತಿಕೊಂಡು ಕಿಟಕಿಯ ಬಳಿ ನಿಂತು, ಅವರು ಮರೆಯಾಗುವವರೆಗೆ ಜೊತೆಗೇ ನೋಡಿ. ಅಳು ನಿಂತ ಮೇಲೆ ತಾಯಿಗೆ ಒಂದು ಸಂದೇಶ ಕಳಿಸಿ. ಅವರೂ ದಾರಿಯುದ್ದಕ್ಕೂ ಅದಕ್ಕಾಗಿಯೇ ಕಾಯುತ್ತಿರುತ್ತಾರೆ.