ಆವರಣದೊಳಗೆ ಬರೆದ ಒಂದು ಸಾಲು

ಪ್ರಶ್ನೆ: ನನಗೆ 22 ವರ್ಷ, 800 ಮೀಟರ್ ಓಟಗಾರ್ತಿ. ಎರಡು ವರ್ಷಗಳ ಹಿಂದೆ 2 ನಿಮಿಷ 9 ಸೆಕೆಂಡುಗಳಲ್ಲಿ ಓಡಿದ್ದೇ ನನ್ನ ಅತ್ಯುತ್ತಮ ಟೈಮಿಂಗ್. ಅದಾದ ಮೇಲೆ ಎಡಗಾಲಿನ ಮಂಡಿಯ ಕೆಳಗಿನ ಮುಂಗಾಲು ಮೂಳೆಯಲ್ಲಿ ಎರಡು ಸಲ ಸ್ಟ್ರೆಸ್ ಫ್ರ್ಯಾಕ್ಚರ್ ಆಗಿದೆ. ಮೊದಲ ಸಲ ಎಂಟು ವಾರ ವಿಶ್ರಾಂತಿ ಪಡೆದು ಮರಳಿದೆ. ದೇಹ ಹಗುರವಾದರೆ ಕಾಲಿಗೂ ಭಾರ ಕಡಿಮೆ, ವೇಗವೂ ಹೆಚ್ಚುತ್ತದೆ ಎಂದು ಕೋಚ್ ಹೇಳಿದ್ದರಿಂದ ರಾತ್ರಿಯೂಟ ಬಿಟ್ಟು ಆರು ಕಿಲೋ ಇಳಿಸಿದೆ. ಎರಡು ತಿಂಗಳು ಚೆನ್ನಾಗಿಯೇ ಓಡಿದೆ (ಏಳು ತಿಂಗಳಿಂದ ಮುಟ್ಟಾಗಿಲ್ಲ, ಸ್ಪರ್ಧೆಗಳ ನಡುವೆ ಅದೊಂದು ಅನುಕೂಲವೇ ಆಗಿದೆ). ಆಮೇಲೆ ಮತ್ತೆ ಅದೇ ಜಾಗದಲ್ಲಿ ಬಿರುಕು. ಈಗ ನನಗಿಂತ ಕಿರಿಯರೆಲ್ಲ ನನ್ನನ್ನು ಹಿಂದೆ ಹಾಕಿದ್ದಾರೆ. ‘ನಿನ್ನ ಕಾಲಿಗಿಂತ ಮೊದಲು ನಿನ್ನ ಮನಸ್ಸು ಸೋಲುತ್ತದೆ’ ಎನ್ನುತ್ತಾರೆ ಕೋಚ್. ‘ಇನ್ನು ಸಾಕು, ಅರ್ಧಕ್ಕೆ ನಿಂತ ಓದನ್ನು ಮುಗಿಸು’ ಎನ್ನುತ್ತಾರೆ ಅಪ್ಪ. ಪ್ರತಿ ರಾತ್ರಿ ಹೆಬ್ಬೆರಳಿನಿಂದ ಮೂಳೆಯನ್ನು ಒತ್ತಿ ನೋಡಿಕೊಳ್ಳುತ್ತೇನೆ. ನೋವಿದ್ದರೆ ಅಳು ಬರುತ್ತದೆ, ಇಲ್ಲದಿದ್ದರೆ ನಂಬಿಕೆ ಬರುವುದಿಲ್ಲ. ನನ್ನಲ್ಲಿ ಛಲವೇ ಇಲ್ಲವೇ? ಬಿಟ್ಟುಬಿಡಲೇ, ಹಲ್ಲು ಕಚ್ಚಿಕೊಂಡು ಮುಂದುವರಿಯಲೇ?
— ಹೆಸರು ಬೇಡ

ಉತ್ತರ:

ನಿಮ್ಮ ಪತ್ರವನ್ನು ಎರಡನೆಯ ಸಲ ಓದುವಾಗ ನಾನು ನಿಂತದ್ದು ಕೋಚ್ ಆಡಿದ ಮಾತಿನ ಮೇಲೂ ಅಲ್ಲ, ಅಪ್ಪ ಆಡಿದ ಮಾತಿನ ಮೇಲೂ ಅಲ್ಲ. ನೀವು ಆವರಣದೊಳಗೆ, ಹೇಳಲೋ ಬೇಡವೋ ಎಂಬಂತೆ ಬರೆದು ಮುಂದೆ ಸಾಗಿದ ಆ ಒಂದು ಸಾಲಿನ ಮೇಲೆ. ಏಳು ತಿಂಗಳಿಂದ ಮುಟ್ಟು ನಿಂತಿದೆ, ಅದನ್ನು ನೀವು ಅನುಕೂಲವೆಂದು ಭಾವಿಸಿದ್ದೀರಿ. ಛಲದ ಪ್ರಶ್ನೆಗೆ ಆಮೇಲೆ ಬರೋಣ. ಮೊದಲು ಈ ಸಾಲನ್ನು ಆವರಣದಿಂದ ಹೊರಗೆ ತರಬೇಕು.

ನಾನು ವೈದ್ಯೆಯಲ್ಲ, ಪತ್ರ ಓದಿ ರೋಗ ಹೇಳುವ ಹಕ್ಕು ನನಗಿಲ್ಲ. ಆದರೆ ಕ್ರೀಡಾ ವೈದ್ಯಕೀಯದಲ್ಲಿ ಬಹುಕಾಲದಿಂದ ತಿಳಿದಿರುವ ಒಂದು ಸಂಗತಿಯನ್ನು ನಿಮ್ಮ ಮುಂದಿಡಲೇಬೇಕು. ದಿನವಿಡೀ ದುಡಿಸಿಕೊಳ್ಳುವ ದೇಹಕ್ಕೆ ತಕ್ಕಷ್ಟು ಆಹಾರ ಸಿಗದಿದ್ದಾಗ, ಅದು ಉಳಿತಾಯಕ್ಕೆ ಇಳಿಯುತ್ತದೆ. ಉಸಿರಾಟ, ಹೃದಯದ ಬಡಿತದಂಥ ಅನಿವಾರ್ಯ ಕೆಲಸಗಳನ್ನು ಉಳಿಸಿಕೊಂಡು, ಇಂದೇ ಆಗಬೇಕಿಲ್ಲದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ. ಹಾಗೆ ಮೊದಲು ನಿಲ್ಲುವ ಕೆಲಸಗಳಲ್ಲಿ ಋತುಚಕ್ರವೂ ಒಂದು. ಅದರೊಂದಿಗೆ ಈಸ್ಟ್ರೋಜನ್ ಕುಸಿಯುತ್ತದೆ. ಮೂಳೆಯು ಸದಾ ಸ್ವಲ್ಪ ಸ್ವಲ್ಪ ಸವೆಯುತ್ತ, ಸವೆದಷ್ಟನ್ನು ಮತ್ತೆ ಕಟ್ಟಿಕೊಳ್ಳುತ್ತ ಇರುವ ಜೀವಂತ ವಸ್ತು. ಸವೆತಕ್ಕೆ ಲಗಾಮು ಹಾಕುವುದು ಈ ಹಾರ್ಮೋನು. ಲಗಾಮು ಸಡಿಲವಾದಾಗ ಸವೆತ ಮುಂದಾಗುತ್ತದೆ, ಕಟ್ಟುವ ಕೆಲಸ ಹಿಂದೆ ಬೀಳುತ್ತದೆ. ಅಂಥ ಮೂಳೆಯ ಮೇಲೆ ವಾರಕ್ಕೆ ಹತ್ತಾರು ಕಿಲೋಮೀಟರ್ ಓಡಿದರೆ, ಬಿದ್ದು ಏಟಾಗದೆಯೇ, ಹೆಜ್ಜೆಗಳ ಲೆಕ್ಕದಿಂದಲೇ ಬಿರುಕು ಮೂಡುತ್ತದೆ. ಇದನ್ನು 1990ರ ದಶಕದಲ್ಲಿ ಮಹಿಳಾ ಕ್ರೀಡಾಪಟುಗಳ ತ್ರಿವಳಿ ಸಮಸ್ಯೆಯೆಂದು ಕರೆಯುತ್ತಿದ್ದರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಅದರ ವ್ಯಾಪ್ತಿಯನ್ನು ಹಿಗ್ಗಿಸಿ, ಗಂಡಸರಿಗೂ ಇದು ತಪ್ಪಿದ್ದಲ್ಲವೆಂದು ಹೇಳಿ, ‘ರೆಡ್-ಎಸ್’, ಅಂದರೆ ಕ್ರೀಡೆಯಲ್ಲಿ ದುಡಿಮೆಗೆ ತಕ್ಕ ಶಕ್ತಿಯ ಕೊರತೆ, ಎಂಬ ಹೆಸರು ಕೊಟ್ಟರು. ನಿದ್ರೆ, ರೋಗನಿರೋಧಕ ಶಕ್ತಿ, ಮನಸ್ಸಿನ ಹುರುಪು ಇವೆಲ್ಲವೂ ಅದರ ತೆಕ್ಕೆಗೆ ಬರುತ್ತವೆ.

ಈಗ ನಿಮ್ಮ ಪತ್ರದ ಘಟನೆಗಳನ್ನು ಅವು ನಡೆದ ಕ್ರಮದಲ್ಲೇ ನೋಡಿ. ತೂಕ ಇಳಿಯಿತು, ಎರಡು ತಿಂಗಳು ವೇಗ ಹೆಚ್ಚಿತು, ಮುಟ್ಟು ನಿಂತಿತು, ಮೂಳೆ ಮತ್ತೆ ಬಿರುಕು ಬಿಟ್ಟಿತು. ಆ ಎರಡು ತಿಂಗಳೇ ನಿಮ್ಮನ್ನೂ ನಿಮ್ಮ ಕೋಚನ್ನೂ ದಾರಿ ತಪ್ಪಿಸಿದವು ಎಂದು ನನಗನ್ನಿಸುತ್ತದೆ. ತೂಕ ಇಳಿದ ಹೊಸತರಲ್ಲಿ ಓಟ ಹಗುರವಾಗುವುದು ಅಪರೂಪವಲ್ಲ. ಸಾಲ ತಂದ ಹಣದಲ್ಲಿ ನಡೆಸಿದ ಸಂಸಾರದಂತೆ ಅದು ಕೆಲ ಕಾಲ ಸುಗಮವಾಗಿಯೇ ಸಾಗುತ್ತದೆ. ಸಾಲ ಕೊಟ್ಟದ್ದು ಮೂಳೆಯಾಗಿರಬಹುದು.

ಆದ್ದರಿಂದ ನೀವು ಮಾಡಬೇಕಾದ ಮೊದಲ ಕೆಲಸ, ಕ್ರೀಡಾ ಗಾಯಗಳನ್ನು ನೋಡುವ ವೈದ್ಯರ ಬಳಿಗೋ ಸ್ತ್ರೀರೋಗ ತಜ್ಞರ ಬಳಿಗೋ ಹೋಗಿ, ಕಾಲುನೋವಿನ ಜೊತೆಗೆ ಈ ಏಳು ತಿಂಗಳ ವಿಷಯವನ್ನೂ ಇಳಿಸಿದ ಆರು ಕಿಲೋದ ವಿಷಯವನ್ನೂ ಒಂದೇ ಉಸಿರಿನಲ್ಲಿ ಹೇಳುವುದು. ಬೇರೆ ಬೇರೆಯಾಗಿ ಹೇಳಿದರೆ ಬೇರೆ ಬೇರೆ ಮದ್ದು ಸಿಗುತ್ತದೆ. ಮುಟ್ಟು ನಿಲ್ಲಲು ಥೈರಾಯ್ಡ್ ಮುಂತಾದ ಬೇರೆ ಕಾರಣಗಳೂ ಇರಬಹುದಾದ್ದರಿಂದ ಅವರು ರಕ್ತ ಪರೀಕ್ಷೆ ಬರೆಯುತ್ತಾರೆ. ವಿಟಮಿನ್ ಡಿ, ಕಬ್ಬಿಣದ ಅಂಶ, ಮೂಳೆಯ ಸಾಂದ್ರತೆ ಇವನ್ನೂ ನೋಡಿಸುವುದು ಒಳ್ಳೆಯದು. ಬಿರುಕು ಮುಂಗಾಲು ಮೂಳೆಯ ಯಾವ ಬದಿಯಲ್ಲಿದೆ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ಒಳಬದಿಯ ಬಿರುಕು ಸಾಮಾನ್ಯವಾಗಿ ವಿಶ್ರಾಂತಿಯಿಂದ ಕೂಡಿಕೊಳ್ಳುತ್ತದೆ, ಆದರೆ ಮುಂಬದಿಯ ಬಿರುಕು ಹಟಮಾರಿ, ಪೂರ್ತಿ ಮುರಿಯುವ ಅಪಾಯವೂ ಅದಕ್ಕೆ ಹೆಚ್ಚು. ಆರಂಭದ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಇಂಥ ಬಿರುಕು ಕಾಣಿಸದೇ ಇರಬಹುದು. ‘ಎಕ್ಸ್‌ರೇ ಸರಿಯಾಗಿದೆ, ಓಡು’ ಎಂಬ ಮಾತಿಗೆ ಆಗ ಅರ್ಥವಿಲ್ಲ, ಎಂಆರ್‌ಐ ಬೇಕಾಗುತ್ತದೆ. ಇನ್ನೊಂದು ಮಾತು. ಗುಳಿಗೆ ಕೊಟ್ಟು ತಿಂಗಳಿಗೊಮ್ಮೆ ರಕ್ತಸ್ರಾವ ತರಿಸಿದ ಮಾತ್ರಕ್ಕೆ ಮೂಲ ಸರಿಯಾಯಿತೆಂದು ತಿಳಿಯಬೇಡಿ; ಕಾರಣ ಆಹಾರದ ಕೊರತೆಯೇ ಆಗಿದ್ದರೆ ಪರಿಹಾರವೂ ಅಲ್ಲೇ ಇದೆ. ದಿನಕ್ಕೆ ಎಷ್ಟು ಕ್ಯಾಲೊರಿ ಎಂಬ ಅಂಕಿಯನ್ನು ಮಾತ್ರ ನಾನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಎಣಿಸುವ ಅಭ್ಯಾಸ ನಿಮಗೆ ಈಗಾಗಲೇ ಹೆಚ್ಚಾಗಿದೆ. ಆ ಲೆಕ್ಕವನ್ನು ಆಹಾರ ತಜ್ಞರ ಕೈಗೆ ಬಿಡಿ, ಮತ್ತು ಬಿಟ್ಟ ರಾತ್ರಿಯೂಟವನ್ನು ವರದಿಗಾಗಿ ಕಾಯದೆ ಇವತ್ತೇ ಶುರು ಮಾಡಿ. ತಟ್ಟೆಯ ಮುಂದೆ ಕುಳಿತಾಗ ಭಯವಾದರೆ, ಊಟ ಮಾಡಿದ್ದಕ್ಕೆ ಪಶ್ಚಾತ್ತಾಪವಾದರೆ, ಅದನ್ನೂ ವೈದ್ಯರಿಗೆ ಮರೆಮಾಚದೆ ಹೇಳಿ.

ಇನ್ನು ಛಲದ ಪ್ರಶ್ನೆ. ಈ ಅಂಕಣಕ್ಕೆ ಕ್ರೀಡಾಪಟುಗಳಿಂದ ಬರುವ ಪತ್ರಗಳಲ್ಲಿ ‘ನನ್ನಲ್ಲಿ ಛಲವಿಲ್ಲವೇ’ ಎಂದು ಕೇಳುವವರೆಲ್ಲ ಸಾಮಾನ್ಯವಾಗಿ ಛಲ ಹೆಚ್ಚಾದವರೇ; ನಿಜಕ್ಕೂ ಛಲವಿಲ್ಲದವರು ಪತ್ರ ಬರೆಯುವ ಗೋಜಿಗೆ ಹೋಗುವುದಿಲ್ಲ. ಬಿರುಕು ಬಿಟ್ಟ ಮೂಳೆಯ ಮೇಲೆ ಓಡಿ, ಹಸಿದ ಹೊಟ್ಟೆಯಲ್ಲಿ ಮಲಗಿ, ಬೆಳಗ್ಗೆ ಮತ್ತೆ ಟ್ರ್ಯಾಕಿಗೆ ಬಂದವರ ಮನಸ್ಸು ಕಾಲಿಗಿಂತ ಮೊದಲು ಸೋತಿತೆಂದು ನಿಮ್ಮ ಕೋಚ್ ಹೇಗೆ ಹೇಳಿದರೋ ನನಗೆ ತಿಳಿಯದು. ನನ್ನ ಕಣ್ಣಿಗೆ ಕಾಣುವುದು ಅದರ ತಿರುಗುಮುರುಗು: ಕಾಲು ಸೋತ ಮೇಲೂ ಮನಸ್ಸು ಒಪ್ಪಲಿಲ್ಲ, ಕಷ್ಟ ಬಂದದ್ದೇ ಅಲ್ಲಿಂದ.

ನಿಮ್ಮದೇ 800 ಮೀಟರಿನ ಒಬ್ಬ ಓಟಗಾರ್ತಿಯ ಕಥೆ ನಿಮಗೆ ತಿಳಿದಿರಬಹುದು. ಆದರೂ ಅದರ ನಡುವಣ ವರ್ಷಗಳನ್ನು ಯಾರೂ ನಿಮಗೆ ಹೇಳಿರಲಾರರು ಎಂದುಕೊಂಡು ಬರೆಯುತ್ತಿದ್ದೇನೆ. ಬ್ರಿಟನ್ನಿನ ಕೆಲ್ಲಿ ಹೋಮ್ಸ್ 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ 800 ಮತ್ತು 1500 ಮೀಟರ್ ಎರಡರಲ್ಲೂ ಚಿನ್ನ ಗೆದ್ದಾಗ ಅವರಿಗೆ 34 ವರ್ಷ. 800 ಮೀಟರಿನ ಗುರಿಗೆರೆ ದಾಟಿದ ಮೇಲೂ ಗೆದ್ದದ್ದು ತಾನೇ ಎಂದು ನಂಬಲಾಗದೆ ಕಣ್ಣರಳಿಸಿ ನಿಂತ ಅವರ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. ಅದಕ್ಕೆ ಎಂಟು ವರ್ಷ ಮೊದಲು, 1996ರ ಅಟ್ಲಾಂಟಾದಲ್ಲಿ, ಅವರು ಕಾಲಿನಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ ಇಟ್ಟುಕೊಂಡೇ ಓಡಿ 800 ಮೀಟರಿನಲ್ಲಿ ನಾಲ್ಕನೆಯವರಾಗಿದ್ದರು. ಮರುವರ್ಷ ವಿಶ್ವ ಚಾಂಪಿಯನ್‌ಷಿಪ್‌ನ 1500 ಮೀಟರ್ ಹೀಟ್ಸ್‌ನಲ್ಲಿ ಕಾಲಿನ ಸ್ನಾಯು ಹರಿದು ಓಟದಿಂದಲೇ ಹೊರಬಿದ್ದರು. ಅದು ನಡೆದದ್ದೂ ಅಥೆನ್ಸಿನಲ್ಲೇ. 2000ದಲ್ಲಿ ಸಿಡ್ನಿಯಲ್ಲಿ ಕಂಚು ಬಂತು, ಆಮೇಲೆ ಮತ್ತೆ ಗಾಯಗಳು. 2003ರಲ್ಲಿ, ಅಂದರೆ ಜೋಡಿ ಚಿನ್ನಕ್ಕೆ ಕೇವಲ ಒಂದು ವರ್ಷ ಮೊದಲು, ತಾನು ಖಿನ್ನತೆಯ ಆಳಕ್ಕೆ ಇಳಿದಿದ್ದೆನೆಂದು ಅವರೇ ಮುಂದೆ ಬಹಿರಂಗವಾಗಿ ಹೇಳಿಕೊಂಡರು. ಅಷ್ಟೂ ವರ್ಷ ಅವರಲ್ಲಿ ಛಲಕ್ಕೆ ಕೊರತೆಯಿತ್ತೆಂದು ಯಾರೂ ಹೇಳಲಾರರು. 2004ರ ವಿಶೇಷವೆಂದರೆ ಆ ವರ್ಷ ಅವರು ಹೆಚ್ಚುಕಡಿಮೆ ಗಾಯವಿಲ್ಲದೆ ತರಬೇತಿ ಮಾಡಲು ಸಾಧ್ಯವಾಯಿತು.

ಆದರೆ ಇದನ್ನು ಓದಿ ‘ನಾನೂ ತಡೆದುಕೊಂಡರೆ ಚಿನ್ನ ಗೆಲ್ಲುತ್ತೇನೆ’ ಎಂದು ತೀರ್ಮಾನಿಸಬೇಡಿ. ಭಾರ ಎತ್ತುವ ಮೀರಾಬಾಯಿ ಚಾನು ಅವರನ್ನು ನೋಡಿ. 2016ರ ರಿಯೋದಲ್ಲಿ ಆರು ಯತ್ನಗಳಲ್ಲಿ ಒಂದೇ ಒಂದು ಸಫಲವಾಗಿ, ಅವರ ಹೆಸರಿನ ಮುಂದೆ ಒಟ್ಟು ತೂಕವೇ ದಾಖಲಾಗಲಿಲ್ಲ. ಮರುವರ್ಷ ವಿಶ್ವ ಚಾಂಪಿಯನ್ ಆದರು, ಅದರ ಮರುವರ್ಷ ಬೆನ್ನುನೋವಿನಿಂದ ಏಷ್ಯನ್ ಕ್ರೀಡಾಕೂಟವನ್ನೇ ಬಿಡಬೇಕಾಯಿತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಒಟ್ಟು 202 ಕಿಲೋ ಎತ್ತಿ ಬೆಳ್ಳಿ ಪಡೆದರು. ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. 2024ರ ಪ್ಯಾರಿಸ್‌ನಲ್ಲಿ 199 ಕಿಲೋ ಎತ್ತಿ, ಪದಕಕ್ಕೆ ಒಂದೇ ಕಿಲೋ ಕಡಿಮೆಯಾಗಿ, ನಾಲ್ಕನೆಯವರಾದರು. ಪರಿಶ್ರಮಕ್ಕೆ ತಕ್ಕ ಫಲ ನಿಗದಿತ ದಿನಾಂಕದಂದು ಬರುತ್ತದೆಂದು ಯಾರೂ ನಿಮಗೆ ಬರೆದುಕೊಡಲಾರರು, ನಾನಂತೂ ಬರೆದುಕೊಡುವುದಿಲ್ಲ. ಓಡುವುದೇ ಬೇಕೆನ್ನಿಸಿದರೆ, ಇದು ತಿಳಿದ ಮೇಲೂ ಬೇಕೆನ್ನಿಸಬೇಕು.

ನಿಮ್ಮ ಕೋಚ್ ಬಗ್ಗೆ ಹೇಳುವಾಗ ನಾನು ಸ್ವಲ್ಪ ಕಟುವಾಗಬಹುದು, ಸಹಿಸಿಕೊಳ್ಳಿ. ಅವರಿಗೆ ಕೆಟ್ಟ ಉದ್ದೇಶವಿದೆಯೆಂದು ನಾನು ಭಾವಿಸುವುದಿಲ್ಲ. ತಾವು ಕಲಿತದ್ದನ್ನೇ ಕಲಿಸುತ್ತಿರಬಹುದು. ಆದರೆ ಬಿರುಕು ಬಿಟ್ಟ ಕಾಲಿನ ಹುಡುಗಿಗೆ ಆಹಾರ ತಜ್ಞರನ್ನಾಗಲೀ ವೈದ್ಯರನ್ನಾಗಲೀ ಕೇಳದೆ ತೂಕ ಇಳಿಸಲು ಹೇಳಿದ್ದು ತಪ್ಪು. ವರದಿಗಳು ಕೈಗೆ ಬಂದ ಮೇಲೆ ಅವರೊಂದಿಗೆ ಒಬ್ಬರೇ ಕುಳಿತು ಮಾತನಾಡಿ. ಮುಟ್ಟಿನ ವಿಷಯ ಹೇಳಲು ಸಂಕೋಚವಾದರೆ ವೈದ್ಯರಿಂದ ಒಂದು ಪತ್ರ ಬರೆಸಿಕೊಂಡು ಅದನ್ನೇ ಮುಂದಿಡಿ. ‘ನನಗೆ ತಿಳಿದಿರಲಿಲ್ಲ, ತರಬೇತಿಯ ಪಟ್ಟಿಯನ್ನು ಬದಲಿಸೋಣ’ ಎಂದು ಅವರು ಹೇಳಿದರೆ, ಅವರ ಕೈಕೆಳಗೆ ಇನ್ನೂ ಹತ್ತು ವರ್ಷ ಓಡಬಹುದು. ಕಾಗದವನ್ನು ಬದಿಗಿಟ್ಟು ಮತ್ತೆ ಮನಸ್ಸಿನ ಮಾತೆತ್ತಿದರೆ ಬೇರೆ ಕೋಚನ್ನು ಹುಡುಕಿಕೊಳ್ಳಿ, ಅದು ಗುರುದ್ರೋಹವಲ್ಲ.

ಅಪ್ಪನ ಮಾತನ್ನು ನೀವು ಅಪನಂಬಿಕೆಯೆಂದು ಬಗೆದಿದ್ದೀರಿ. ಇರಬಹುದು. ಮಗಳು ಊಟ ಬಿಟ್ಟಿದ್ದನ್ನು, ಕುಂಟುವುದನ್ನು ಮರೆಸಲು ಯತ್ನಿಸುವುದನ್ನು ದಿನವೂ ನೋಡುವವರಿಗೆ ‘ಸಾಕು’ ಎಂಬುದಲ್ಲದೆ ಬೇರೆ ಮಾತು ಹೊಳೆಯದೇ ಇರುವುದೂ ಸಾಧ್ಯ. ಓದನ್ನು ಮತ್ತೆ ಶುರು ಮಾಡುವ ಅವರ ಸಲಹೆಯನ್ನಂತೂ ನಾನು ಒಪ್ಪುತ್ತೇನೆ, ಆದರೆ ಓಟಕ್ಕೆ ಬದಲಾಗಿ ಅಲ್ಲ. ಮೂಳೆ ಕೂಡಿಕೊಳ್ಳುವ ತಿಂಗಳುಗಳಲ್ಲಿ ಇಡೀ ದಿನ ಕಾಲಿನ ಬಗ್ಗೆಯೇ ಯೋಚಿಸುತ್ತ ಕೂರುವವರಿಗೆ ದಿನ ಬಹಳ ಉದ್ದ.

ಬಿಡುವುದೋ ಮುಂದುವರಿಯುವುದೋ ಎಂಬುದನ್ನು ಈಗ ನಿರ್ಧರಿಸಬೇಡಿ. ಹಸಿದ, ನಿದ್ರೆಗೆಟ್ಟ, ನೋಯುವ ದೇಹದೊಳಗೆ ಕುಳಿತು ಮಾಡಿದ ಯಾವ ತೀರ್ಮಾನವೂ ನಿಮ್ಮದಲ್ಲ. ಮೂಳೆ ಕೂಡಿ, ಊಟ ಸರಿಹೋಗಿ, ಋತುಚಕ್ರ ಮರಳಿ, ನಡಿಗೆ-ಓಟ-ನಡಿಗೆ ಎಂಬ ಕ್ರಮದಲ್ಲಿ ಮೆಲ್ಲಗೆ ಟ್ರ್ಯಾಕಿಗೆ ಹಿಂತಿರುಗಿ, ಒಂದು ಪೂರ್ಣ ಋತು ತರಬೇತಿ ಮಾಡಿ ನೋಡುವ ತನಕ ಆ ಪ್ರಶ್ನೆಯನ್ನು ಮುಂದೂಡಿ. ಇದಕ್ಕೆಲ್ಲ ಒಂದು ವರ್ಷವೇ ಹಿಡಿಯಬಹುದು. ಆ ನಡುವೆ ವೈದ್ಯರು ಒಪ್ಪಿದರೆ ಈಜುಕೊಳದಲ್ಲಿ ನೆಲಕ್ಕೆ ಕಾಲು ತಾಗದಂತೆ ಓಡುವುದು, ಸೈಕಲ್ ತುಳಿಯುವುದು ಉಸಿರಿನ ಕಸುವನ್ನು ಬಹುಮಟ್ಟಿಗೆ ಉಳಿಸುತ್ತವೆ. ಅಷ್ಟಾದ ಮೇಲೆ ಒಂದು ಬೆಳಗ್ಗೆ, ಸ್ಟಾಪ್‌ವಾಚ್ ಇಲ್ಲದೆ, ಯಾರೂ ನೋಡದಿರುವಾಗ ಎರಡು ಲ್ಯಾಪ್ ಓಡಿ ನೋಡಿ. ಇನ್ನೂ ಓಡಬೇಕೆನ್ನಿಸಿದರೆ ಮುಂದುವರಿಯಿರಿ. ಓಟಗಾರ್ತಿ ಎಂಬ ಹೆಸರು ಮಾತ್ರ ಬೇಕು, ಓಟ ಬೇಡವೆನ್ನಿಸಿದರೆ, ತಲೆ ತಗ್ಗಿಸದೆ ಬಿಡಿ. ಆಗ ಬಿಡುವುದು ಸೋಲಾಗುವುದಿಲ್ಲ.

ರಾತ್ರಿ ಹೆಬ್ಬೆರಳಿನಿಂದ ಮೂಳೆಯನ್ನು ಒತ್ತಿ ನೋಡುವುದನ್ನು ಮಾತ್ರ ಇಂದಿನಿಂದ ನಿಲ್ಲಿಸಿ. ಆ ಪರೀಕ್ಷೆಯಿಂದ ಮೂಳೆಯ ಸ್ಥಿತಿ ತಿಳಿಯುವುದಕ್ಕಿಂತ ನಿದ್ರೆ ಹಾಳಾಗುವುದೇ ಹೆಚ್ಚು. ವಾರಕ್ಕೊಮ್ಮೆ ಫಿಸಿಯೋ ಒತ್ತಿ ನೋಡಲಿ, ಅವರು ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಬೆಳಗ್ಗೆ ಏಳುವುದೇ ಭಾರವಾಗಿ, ಅಳು ನಿಲ್ಲದೆ ವಾರಗಳೇ ಕಳೆಯುತ್ತಿದ್ದರೆ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಲು ವರದಿಗಳಿಗಾಗಿ ಕಾಯಬೇಡಿ.

ಪರೀಕ್ಷೆಗಳು ಮುಗಿದ ಮೇಲೆ ನನಗೆ ಮತ್ತೊಮ್ಮೆ ಬರೆಯಿರಿ. ಟೈಮಿಂಗ್ ಎಷ್ಟೆಂದು ತಿಳಿಸಬೇಕಾಗಿಲ್ಲ. ವೈದ್ಯರು ಏನು ಹೇಳಿದರು, ರಾತ್ರಿಯೂಟ ಮಾಡುತ್ತಿದ್ದೀರೋ ಇಲ್ಲವೋ, ಅಷ್ಟು ಬರೆದರೆ ಸಾಕು. ಆವರಣ ಹಾಕದೆ ಬರೆಯಿರಿ.